ಹಾಲು ಬಿಡಿಸಿದ ಹಂದಿಮರಿಗಳ ಭೇದಿಗೆ ಔಷಧ ನಾಟುತ್ತಿಲ್ಲವೇಕೆ?

ಪ್ರಶ್ನೆ: ಹಂದಿ ಸಾಕಣೆದಾರ, ಸೋಮವಾರಪೇಟೆ

ತಾಯಿಹಾಲು ಬಿಡಿಸಿದ ಕೆಲವೇ ದಿನಗಳಲ್ಲಿ ನಮ್ಮ ಮರಿಗಳಿಗೆ ನೀರಿನಂಥ ಭೇದಿ ಶುರುವಾಗುತ್ತದೆ. ಹಿಂದೆ ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಚುಚ್ಚುಮದ್ದಿಗೆ ನಿಲ್ಲುತ್ತಿದ್ದ ಕಾಯಿಲೆ ಈಗ ಅದಕ್ಕೆ ಜಗ್ಗುತ್ತಿಲ್ಲ. ಕೊಲಿಸ್ಟಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಪುಡಿಯನ್ನು ಕುಡಿಯುವ ನೀರಿಗೆ ಬೆರೆಸಿ ಕೊಡುವಂತೆ ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಕೊಡಬಹುದೇ? ಕೆಲಸ ಮಾಡುತ್ತಿದ್ದ ಔಷಧ ಹೀಗೆ ಸೋಲುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಪಶುವೈದ್ಯೆ

ದಯವಿಟ್ಟು ಕೊಲಿಸ್ಟಿನ್ ಕೊಡಬೇಡಿ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿಯೇ ನಿಷೇಧಿಸಿದೆ; ಬೇರೆ ಯಾವ ಮದ್ದಿಗೂ ಬಗ್ಗದ ಸೋಂಕಿನಿಂದ ತೀವ್ರ ನಿಗಾ ಘಟಕದಲ್ಲಿ ಮಲಗಿರುವ ಮನುಷ್ಯರಿಗೆ ಉಳಿದಿರುವ ಕೊನೆಯ ಔಷಧಗಳಲ್ಲಿ ಅದೂ ಒಂದು.

ಈ ವಯಸ್ಸಿನ ಭೇದಿಯಲ್ಲಿ ನಾನು ಮೊದಲು ಸಂದೇಹಿಸುವುದು ವಿಷ ಸ್ರವಿಸುವ ಇ. ಕೋಲಿ ಬ್ಯಾಕ್ಟೀರಿಯಾವನ್ನು. ಎಫ್4 ಅಥವಾ ಎಫ್18 ಎಂಬ ತಂತುಗಳ ಮೂಲಕ ಅದು ಸಣ್ಣಕರುಳಿಗೆ ಅಂಟಿಕೊಳ್ಳುತ್ತದೆ. ಅದರ ವಿಷದಿಂದ ದೇಹದ ನೀರು ಮತ್ತು ಲವಣಗಳು ಕರುಳಿಗೆ ಸೋರಿಹೋಗುತ್ತವೆ. ಆದ್ದರಿಂದ ಔಷಧ ಯಾವುದೇ ಇರಲಿ, ಮೊದಲು ಲವಣ ಬೆರೆಸಿದ ನೀರನ್ನು ಕುಡಿಸಬೇಕು. ಆದರೆ ರೋಟಾವೈರಸ್‌ನಿಂದಲೂ ಇಂಥದೇ ಭೇದಿಯಾಗುತ್ತದೆ, ಅದಕ್ಕೆ ಯಾವ ಆಂಟಿಬಯೋಟಿಕ್ಕೂ ಉಪಯೋಗವಿಲ್ಲ. ಇನ್ನು ಬೆಳೆದ ಹಂದಿಗಳಲ್ಲಿ ರಕ್ತ, ಲೋಳೆ ಕಂಡರೆ ಬ್ರಾಕಿಸ್ಪೈರಾ ಎಂಬ ಬೇರೆ ಬ್ಯಾಕ್ಟೀರಿಯಾ ಇರಬಹುದು. ಅದರ ಚಿಕಿತ್ಸೆಯೇ ಬೇರೆ. ಅದಕ್ಕೆ ಬಳಸುವ ಟಿಯಾಮುಲಿನ್ ಅನ್ನು ಮೊನೆನ್ಸಿನ್ ಅಥವಾ ಸಾಲಿನೋಮೈಸಿನ್ ಎಂಬ ಔಷಧ ಬೆರೆತಿರುವ ಮೇವಿನೊಂದಿಗೆ ಕೊಟ್ಟರೆ ಹಂದಿಗಳು ಸತ್ತೇಹೋಗಬಹುದು. ಪರೀಕ್ಷೆಯಿಲ್ಲದೆ ಮದ್ದು ಬದಲಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಉತ್ತರ: ಸೂಕ್ಷ್ಮಜೀವಿ ಸಂಶೋಧಕ

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಎನ್ರೋಫ್ಲಾಕ್ಸಾಸಿನ್ ಬ್ಯಾಕ್ಟೀರಿಯಾದ ಡಿಎನ್ಎ ನಕಲಾಗಲು ಬೇಕಾದ ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವದ ಜೀನ್‌ನಲ್ಲಿ ಆಕಸ್ಮಿಕವಾಗಿ ಬದಲಾವಣೆಯಾದ ಕೋಶಗಳು ಔಷಧದ ನಡುವೆಯೂ ಬದುಕುತ್ತವೆ, ಉಳಿದವು ಸಾಯುತ್ತವೆ. ಮುಂದಿನ ತಂಡದ ಮರಿಗಳಿಗೆ ಕೊಟ್ಟಿಗೆಯ ನೆಲದಿಂದ ಹತ್ತುವುದು ಬದುಕುಳಿದವುಗಳ ಸಂತತಿ.

ಕೊಲಿಸ್ಟಿನ್ ವಿಷಯ ಇನ್ನೂ ಗಂಭೀರ. ಶಾಂಘೈನ ಹಂದಿಯೊಂದರ ಇ. ಕೋಲಿಯಲ್ಲಿ ಕಂಡ, ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ ಎಂಸಿಆರ್-1 ಎಂಬ ಜೀನ್‌ನ ವಿವರವನ್ನು ಚೀನಾದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಅದು ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರದ ಮೇಲಿರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ, ಬೇರೆ ಪ್ರಭೇದಕ್ಕೆ ಕೂಡ ದಾಟಬಲ್ಲದು. ಆದರೆ ಭರವಸೆಯ ಮಾತೂ ಇದೆ: ಬೆಳವಣಿಗೆಗಾಗಿ ಮೇವಿಗೆ ಕೊಲಿಸ್ಟಿನ್ ಬೆರೆಸುವುದನ್ನು ಚೀನಾ 2017ರಲ್ಲಿ ನಿಲ್ಲಿಸಿದ ಬಳಿಕ, ಅಲ್ಲಿನ ಹಂದಿಗಳ ಇ. ಕೋಲಿಯಲ್ಲಿ ಕೊಲಿಸ್ಟಿನ್ ನಿರೋಧಕತೆ ಶೇ. 34ರಿಂದ ಸುಮಾರು ಶೇ. 5ಕ್ಕೆ ಇಳಿಯಿತು. ಭೇದಿ ತಡೆಯಲು ಮೇವಿಗೆ ಬೆರೆಸುವ ಹೆಚ್ಚಿನ ಪ್ರಮಾಣದ ಸತುವಿನ ಆಕ್ಸೈಡ್ ಬದಲಿ ದಾರಿ ಎಂದು ಯಾರಾದರೂ ಹೇಳಿದರೆ ಅದನ್ನೂ ಒಪ್ಪಬೇಡಿ. ಮಣ್ಣಿನಲ್ಲಿ ಸೇರಿಕೊಳ್ಳುವ, ನಿರೋಧಕ ತಳಿಗಳಿಗೆ ಅನುಕೂಲ ಮಾಡಿಕೊಡುವ ಆ ಔಷಧವನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ಹಿಂತೆಗೆದುಕೊಂಡಿತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞನಾಗಿದ್ದೇನೆ. ಪುಡಿಯನ್ನು ಕೊಡುವುದಿಲ್ಲ. ಪರೀಕ್ಷೆಗೆ ಏನನ್ನು ಕಳುಹಿಸಬೇಕು, ಡಾಕ್ಟರೇ?

ಉತ್ತರ: ಪಶುವೈದ್ಯೆ

ಭೇದಿ ಈಗಷ್ಟೇ ಶುರುವಾಗಿರುವ, ಇನ್ನೂ ಆಂಟಿಬಯೋಟಿಕ್ ಕೊಡದ ಮೂರ್ನಾಲ್ಕು ಮರಿಗಳ ಗುದದ್ವಾರದಿಂದ ಸ್ವಾಬ್ ತೆಗೆಸಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅಂದೇ ತಾಲ್ಲೂಕು ಪಶು ಆಸ್ಪತ್ರೆಗೆ ತಲುಪಿಸಿ. ಕಲ್ಚರ್ ಮತ್ತು ಸೆನ್ಸಿಟಿವಿಟಿ (ರೋಗಾಣುವನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ) ಪರೀಕ್ಷೆ ಬೇಕೆಂದು ಚೀಟಿಯಲ್ಲಿ ಬರೆಸಿ. ಈಗಾಗಲೇ ಕೊಟ್ಟಿರುವ ಔಷಧಗಳ ಹೆಸರನ್ನು ಅದರಲ್ಲಿ ತಪ್ಪದೆ ಸೇರಿಸಬೇಕು.