ಮನೆಯ ಬಿಪಿ ಯಂತ್ರ: ಮೂರು ಸಲ ನೋಡಿದರೆ ಮೂರು ಅಂಕಿ ಏಕೆ?

ಪ್ರಶ್ನೆ: ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ. ಕೂತಲ್ಲೇ ಮೇಲಿನ ಅಂಕಿ 148, 139, 134 ಎಂದು ಇಳಿಯುತ್ತಾ ಹೋಗುತ್ತದೆ. ಯಾವುದನ್ನು ನಂಬಬೇಕು?

ಉತ್ತರ 1: ಯಂತ್ರ ಕೆಟ್ಟಿರಬೇಕೆಂದೇನಿಲ್ಲ. ಮೊದಲ ಅಂಕಿ ಸಾಮಾನ್ಯವಾಗಿ ಹೆಚ್ಚೇ ಬರುತ್ತದೆ. ಅಳೆಯುವ ಮುನ್ನ 30 ನಿಮಿಷ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕೂರಿ. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ತೋಳು ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಂಕಿ ಸುಮಾರು 7-8 ಏರುತ್ತದೆ, ರಕ್ತದ ಭಾರವೂ ಸೇರಿಕೊಳ್ಳುವುದರಿಂದ.

ಉತ್ತರ 2: ಪಟ್ಟಿಯ ಅಳತೆಯನ್ನು ಯಾರೂ ನೋಡುವುದಿಲ್ಲ, ತಪ್ಪಾಗುವುದು ಅಲ್ಲೇ! ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಸುಳ್ಳೇ ಹೆಚ್ಚು ತೋರಿಸುತ್ತದೆ. ತೋಳಿನ ಸುತ್ತಳತೆ ತೆಗೆದು ಪಟ್ಟಿಯ ಮೇಲೆ ಅಚ್ಚಾದ ಮಿತಿಗೆ ಹೋಲಿಸಿ. ಬಟ್ಟೆಯ ಮೇಲೆ ಕಟ್ಟಬೇಡಿ.

ಉತ್ತರ 1: ಒಂದು ದಿನದ ಅಂಕಿಯಿಂದ ತೀರ್ಮಾನ ಬೇಡ. ಬೆಳಗ್ಗೆ ಮಾತ್ರೆಗೆ ಮುಂಚೆ ಎರಡು, ಸಂಜೆ ಎರಡು, ನಡುವೆ 1 ನಿಮಿಷ ಬಿಡುವು. ಹೀಗೆ 7 ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ.

ಉತ್ತರ 3: ಎಷ್ಟಾದರೆ ಬಿಪಿ ಹೆಚ್ಚು ಎನ್ನುವ ಮಿತಿಯ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಮನೆಯ ಸರಾಸರಿಗೆ ಯುರೋಪಿನ 2018ರ ಮಾರ್ಗಸೂಚಿ 135/85 ಎಂದರೆ, ಅಮೆರಿಕದ 2017ರದ್ದು 130/80. 180/120 ದಾಟಿ ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವುದು ಕಂಡರೆ ಮತ್ತೆ ಅಳೆಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ.