ಪೀಣ್ಯದ ತಮ್ಮನಿಗೆ ಎಎ ಸಭೆ: ಕನ್ನಡದಲ್ಲಿ ಇದೆಯೇ?

ವಿಜಯನಗರದ ಅಕ್ಕ: ತಮ್ಮನಿಗೆ ಪೀಣ್ಯದಲ್ಲಿ ಲೇತ್ ಕೆಲಸ. ಬೆಳಿಗ್ಗೆ ಒಂದು ಕ್ವಾರ್ಟರ್ ಒಳಗೆ ಹೋಗದಿದ್ದರೆ ಕೈ ನಡುಗುತ್ತದೆ. ಮೊನ್ನೆ ತಾನಾಗಿಯೇ ‘ಬಿಡಬೇಕು ಅನ್ನಿಸುತ್ತಿದೆ’ ಎಂದ. ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ, ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಕೂಟ) ಸಭೆಗೆ ಹೋಗೋಣವೆಂದರೆ ‘ಅದು ಇಂಗ್ಲಿಷಿನವರದು, ಚರ್ಚಿನವರದು’ ಎನ್ನುತ್ತಾನೆ. ಕನ್ನಡದಲ್ಲಿ ನಡೆಯುತ್ತದೆಯೇ? ಶುಲ್ಕವೆಷ್ಟು? ನಾನೂ ಜೊತೆಗೆ ಕೂರಬಹುದೇ?

ಹಿಂದಿನ ಬೆಂಚು: ನಾನು ಎಎ ಸದಸ್ಯ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಎಲ್ಲದರಲ್ಲೂ ಸಭೆಗಳಿವೆ. ಚರ್ಚಿನ ಕೋಣೆಯಲ್ಲೋ ಶಾಲೆಯಲ್ಲೋ ನಡೆಯುವುದು ಜಾಗ ಸುಲಭವಾಗಿ ಸಿಗುತ್ತದೆಂಬ ಕಾರಣಕ್ಕೆ. ಎಎ ಯಾವ ಚರ್ಚಿಗೂ ಸೇರಿದ್ದಲ್ಲ. ಶುಲ್ಕವಿಲ್ಲ. ಕೊನೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ, ಇಷ್ಟವಿದ್ದವರು ಹಾಕುತ್ತಾರೆ. ಹೊರಗಿನವರ ದೇಣಿಗೆಯನ್ನು ನಾವು ಮುಟ್ಟುವುದಿಲ್ಲ. ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆಯೊಂದೇ. ‘ಮುಕ್ತ’ ಸಭೆಗೆ ನೀವೂ ಬರಬಹುದು, ‘ಮುಚ್ಚಿದ’ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಎಎಯ ಸಹಾಯವಾಣಿಗೆ ಫೋನ್ ಮಾಡಿ ಭಾಷೆ ಯಾವುದು, ಮುಕ್ತವೋ ಮುಚ್ಚಿದ್ದೋ, ಈಗಲೂ ಅಲ್ಲಿಯೇ ನಡೆಯುತ್ತಿದೆಯೋ ಎಂದು ಕೇಳಿಕೊಳ್ಳಿ. ಮೊಬೈಲ್ ನಕ್ಷೆಯನ್ನು ನಂಬಿ ಹೊರಡಬೇಡಿ, ಸಭೆಗಳು ಜಾಗ ಬದಲಿಸುತ್ತಿರುತ್ತವೆ.

ವಾರ್ಡ್ ನರ್ಸ್: ಸ್ವಲ್ಪ ತಡೆಯಿರಿ. ಬೆಳಿಗ್ಗೆ ಕೈ ನಡುಗುವವನಿಗೆ ‘ಇಂದಿನಿಂದ ಒಂದು ಹನಿಯೂ ಇಲ್ಲ’ ಎಂದು ಶಪಥ ಮಾಡಿಸಬೇಡಿ. ದಿನವೂ ಕುಡಿಯುವ ದೇಹಕ್ಕೆ ಥಟ್ಟನೆ ಮದ್ಯ ನಿಂತರೆ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುತ್ತದೆ, ಊರು ದಿನ ತಿಳಿಯುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮೊದಲು ಅಲ್ಲಿಗೆ ಅಥವಾ ಹತ್ತಿರದ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ರಾತ್ರಿ ಹೊತ್ತು ಏನು ಮಾಡುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ಫಿಟ್ಸ್ ಬಂದರೆ ಮಾತ್ರ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ ನೇರ ಆಸ್ಪತ್ರೆಗೆ.

ಬಸವನಗುಡಿಯ ನಾಸ್ತಿಕ: ನರ್ಸ್ ಹೇಳಿದ್ದೇ ಸರಿ. ಅದಾದ ಮೇಲೆ ಎಎ ಯಾಕೆ ಬೇಕು? ಕುಡಿತ ಬಿಡಲು ಅವರು ಹಾಕಿಕೊಂಡಿರುವ ಹನ್ನೆರಡು ಹೆಜ್ಜೆಗಳಲ್ಲಿ ಆರರಲ್ಲಿ ದೇವರು ಅಥವಾ ‘ಮೇಲಿನ ಶಕ್ತಿ’. ಮೊದಲ ಹೆಜ್ಜೆಯಲ್ಲೇ ‘ನನ್ನ ಕೈಯಲ್ಲಿ ಆಗುವುದಿಲ್ಲ’ ಎಂದು ಒಪ್ಪಿಕೊಳ್ಳಬೇಕು. ಇದು ಭಜನೆ, ಚಿಕಿತ್ಸೆಯಲ್ಲ.

ಹಿಂದಿನ ಬೆಂಚು: ಚಿಕಿತ್ಸೆ ಎಂದು ನಾವೂ ಹೇಳುವುದಿಲ್ಲ ಸ್ವಾಮಿ. 1935ರಲ್ಲಿ ಅಮೆರಿಕದ ಅಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯವಹಾರದವರು, ಒಬ್ಬ ಶಸ್ತ್ರವೈದ್ಯರು ಎದುರುಬದುರು ಕುಳಿತು ಮಾತನಾಡಿದ್ದರಿಂದ ಹುಟ್ಟಿದ್ದು ಇದು. ಇಬ್ಬರೂ ಕುಡುಕರು. ಇನ್ನೊಬ್ಬ ಕುಡುಕನ ಮುಂದೆ ಸುಳ್ಳು ನಡೆಯುವುದಿಲ್ಲ, ನಮ್ಮ ಬಂಡವಾಳ ಅಷ್ಟೇ. ದೇವರು ‘ನಾವು ಅರ್ಥಮಾಡಿಕೊಂಡಂತೆ’ ಎಂದು ಹೆಜ್ಜೆಯಲ್ಲೇ ಇದೆ. ನಮ್ಮ ಗುಂಪಿನಲ್ಲಿ ದೇವರನ್ನು ನಂಬದವರೂ ಇದ್ದಾರೆ, ಅವರ ಪಾಲಿಗೆ ‘ಮೇಲಿನ ಶಕ್ತಿ’ ಆ ಕೋಣೆಯೇ.

ವಾರ್ಡ್ ನರ್ಸ್: ನಾಸ್ತಿಕರಿಗೆ ಪುರಾವೆ ಬೇಕಿದ್ದರೆ 2020ರ ಕೊಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ವರದಿ) ನೋಡಲಿ. 27 ಅಧ್ಯಯನಗಳು, ಹತ್ತು ಸಾವಿರಕ್ಕೂ ಹೆಚ್ಚು ಜನ. ರೋಗಿಗಳನ್ನು ಕ್ರಮಬದ್ಧವಾಗಿ ಎಎಗೆ ಜೋಡಿಸಿದಾಗ, ಪೂರ್ತಿ ಬಿಟ್ಟು ಉಳಿದವರ ಪ್ರಮಾಣ ಬೇರೆ ಮನಶ್ಚಿಕಿತ್ಸೆಗಳಿಗಿಂತ ಹೆಚ್ಚಾಗಿತ್ತು.

ಬಸವನಗುಡಿಯ ನಾಸ್ತಿಕ: ಅದು ಚಿಕಿತ್ಸಕರು ಜೋಡಿಸಿದಾಗ ಬಂದ ಫಲ. ಪೀಣ್ಯದ ಹುಡುಗನನ್ನು ಒಂದು ಕೋಣೆಗೆ ಕಳುಹಿಸಿ ಕೈ ತೊಳೆದುಕೊಳ್ಳುವುದಕ್ಕೆ ಆ ಅಂಕಿ ಅನ್ವಯಿಸುವುದಿಲ್ಲ. ದೇವರಿಲ್ಲದ ‘ಸ್ಮಾರ್ಟ್ ರಿಕವರಿ’ ಎಂಬ ಕೂಟವೂ ಇದೆ, ಆನ್‌ಲೈನ್‌ನಲ್ಲಿ ಸಿಗುತ್ತದೆ.

ವಾರ್ಡ್ ನರ್ಸ್: ಲೇತ್ ಮುಗಿಸಿ ಸುಸ್ತಾಗಿ ಬರುವವನಿಗೆ ಇಂಗ್ಲಿಷ್ ಆನ್‌ಲೈನ್ ಸಭೆಯೇ? ಚೆನ್ನಾಯಿತು.

ಹಾಸನದ ಕಡೆಯವನು: ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರವನ್ನು ಯಾರೂ ಹೇಳಲಿಲ್ಲವಲ್ಲ! ನಮ್ಮ ಚಿಕ್ಕಪ್ಪ ಬಿಟ್ಟಿದ್ದು ಅಲ್ಲಿಯೇ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂದು ಬಿಟ್ಟವರೆಲ್ಲ ಸೇರುತ್ತಾರೆ. ಪೂರಾ ಕನ್ನಡ.

ಹಿಂದಿನ ಬೆಂಚು: ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಶಿಬಿರದ ಸಮಾರೋಪಕ್ಕೆ ಮನೆಯವರು, ಊರವರು ಬರುತ್ತಾರೆ. ಹಳ್ಳಿಯಲ್ಲಿ ಅದೇ ಬಲ: ಬಿಟ್ಟದ್ದು ನಾಲ್ಕು ಜನರಿಗೆ ಗೊತ್ತಾದರೆ ಅಂಗಡಿಯ ಮುಂದೆ ನಿಲ್ಲಲು ನಾಚಿಕೆ. ಇಲ್ಲಿ ಬಾಡಿಗೆ ಮನೆ, ದಿನಗೂಲಿ. ಮಾಲೀಕನ ಕಿವಿಗೆ ಬಿದ್ದರೆ ಕೆಲಸ ಹೋಗುತ್ತದೆ. ಅಡ್ಡಹೆಸರು, ಊರು ಯಾವುದನ್ನೂ ಕೇಳದ ಜಾಗ ಅಂಥವನಿಗೆ ಬೇಕು.

ಹಾಸನದ ಕಡೆಯವನು: ಗುಟ್ಟಾಗಿ ಕುಡಿದವನು ಗುಟ್ಟಾಗಿ ಬಿಡಬಹುದು. ನಮ್ಮ ಚಿಕ್ಕಪ್ಪ ಕುಡಿದು ಬೀಳುತ್ತಿದ್ದದ್ದು ಇಡೀ ಬೀದಿಗೆ ಗೊತ್ತಿತ್ತು.

ಮಾಗಡಿ ರಸ್ತೆ: ನನ್ನ ಗಂಡ ಎಎಗೆ ಹೋಗುತ್ತಾರೆ. ಮೊದಲು ಸಂಜೆಯೆಲ್ಲ ಬಾರ್, ಈಗ ಸಂಜೆಯೆಲ್ಲ ಸಭೆ. ಮನೆಗೆ ಮನುಷ್ಯ ಸಿಕ್ಕಿದ್ದು ತಡವಾಗಿ. ಅಕ್ಕ, ನಿಮಗೆ ಬೇಕಾದದ್ದು ಅಲ್-ಅನಾನ್, ಮನೆಯವರಿಗೆಂದೇ 1951ರಲ್ಲಿ ಶುರುವಾದ ಬೇರೆ ಕೂಟ. ಕುಡಿಯುವವರನ್ನು ಬದಲಿಸುವುದು ಹೇಗೆಂದು ಅಲ್ಲಿ ಹೇಳಿಕೊಡುವುದಿಲ್ಲ, ನಾವು ಹೇಗೆ ಬದುಕುವುದೆಂದು ಮಾತನಾಡುತ್ತಾರೆ. ಅತ್ತೆಯವರು ಯಾರದೋ ಮಾತು ಕೇಳಿ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸಲು ಹೊರಟಿದ್ದರು. ತಡೆಯುವಷ್ಟರಲ್ಲಿ ಸಾಕಾಯಿತು.

ವಾರ್ಡ್ ನರ್ಸ್: ಡೈಸಲ್ಫಿರಾಮ್ ಇರಬೇಕು. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಹೃದಯ ನಿಲ್ಲಲೂಬಹುದು. ತಿಳಿಸಿ, ಒಪ್ಪಿಸಿ, ವೈದ್ಯರ ಕಣ್ಣಳತೆಯಲ್ಲಿ ಮಾತ್ರ ಕೊಡುವ ಮಾತ್ರೆ. ಕದ್ದು ಕೊಡುವುದು ವಿಷವಿಕ್ಕಿದಂತೆ.

ಹೆಸರು ಬೇಡ: ಇಲ್ಲಿ ಎಲ್ಲರೂ ‘ಅವನು’ ಎನ್ನುತ್ತಿದ್ದೀರಿ. ನಾನು ಹೆಣ್ಣು, ನಾನೂ ಕುಡಿಯುತ್ತಿದ್ದೆ. ಮೊದಲ ಸಭೆಯಲ್ಲಿ ಕೋಣೆ ತುಂಬ ಗಂಡಸರೇ ಇದ್ದರು. ಬಾಗಿಲಿನಿಂದಲೇ ತಿರುಗಿ ಬಂದೆ. ಆಮೇಲೆ ಫೋನಿನಲ್ಲಿ ಒಬ್ಬ ಮಹಿಳಾ ಸದಸ್ಯೆಯ ಜೊತೆ ಮಾತನಾಡಿಸಿದರು, ಅವರೇ ಕರೆದುಕೊಂಡು ಹೋದರು. ಯಾರಿಗಾದರೂ ಬೇಕಾದೀತೆಂದು ಬರೆದೆ.

ವಿಜಯನಗರದ ಅಕ್ಕ: ಸೋಮವಾರ ನಿಮ್ಹಾನ್ಸ್‌ಗೆ ಹೋಗುತ್ತೇವೆ. ತಮ್ಮ ಇದನ್ನೆಲ್ಲ ಓದಿದ. ನಾಸ್ತಿಕರ ಮಾತು ಅವನಿಗೆ ಬಹಳ ಹಿಡಿಸಿದೆ, ಅದೇ ನನಗೆ ಭಯ. ಸಭೆಯಲ್ಲಿ ಎದ್ದು ಮಾತನಾಡಲೇಬೇಕೇ ಎಂದು ಕೇಳುತ್ತಿದ್ದಾನೆ.

ಹಿಂದಿನ ಬೆಂಚು: ಬೇಡ. ಸರದಿ ಬಂದಾಗ ‘ಇವತ್ತು ಕೇಳುತ್ತೇನೆ’ ಎಂದರೆ ಸಾಕು.

ಬಸವನಗುಡಿಯ ನಾಸ್ತಿಕ: ತಮ್ಮಾ, ನನ್ನ ಮಾತು ಹಿಡಿಸಿದರೆ ಆಸ್ಪತ್ರೆಯ ಭಾಗವನ್ನೂ ಹಿಡಿದುಕೊ. ಸೋಮವಾರ ತಪ್ಪಿಸಬೇಡ.