ಮಳೆ ಸುರಿದ ಮರುದಿನ ಇನ್ವರ್ಟರ್‌ನಲ್ಲಿ ‘ಐಸೋಲೇಷನ್ ಫಾಲ್ಟ್’: ಹೊಸ ಮನೆಯ ಸೋಲಾರ್

ಪ್ರಶ್ನೆ (ಮೂಡಿಗೆರೆ):
ನಮಸ್ಕಾರ. ಹೊಸದಾಗಿ ಕಟ್ಟಿಸಿದ ಮನೆಯ ತಾರಸಿಯ ಮೇಲೆ ಮಾರ್ಚ್‌ನಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. 540 ವ್ಯಾಟ್‌ನ ಆರು ಪ್ಯಾನೆಲ್‌ಗಳಿವೆ. ಮಳೆಗಾಲ ಹಿಡಿದ ಮೇಲೆ, ರಾತ್ರಿಯೆಲ್ಲ ಮಳೆ ಸುರಿದರೆ ಬೆಳಿಗ್ಗೆ ಇನ್ವರ್ಟರ್ ‘ಐಸೋಲೇಷನ್ ಫಾಲ್ಟ್’ ಎಂದು ತೋರಿಸಿ ನಿಂತುಬಿಡುತ್ತದೆ. ಬಿಸಿಲು ಬಿದ್ದ ಮೇಲೆ ತಾನಾಗಿಯೇ ಚಾಲೂ ಆಗುತ್ತದೆ. ಅಳವಡಿಸಿದವರು ಸೆಟ್ಟಿಂಗ್‌ನಲ್ಲಿ ಮಿತಿ ಇಳಿಸೋಣ ಎನ್ನುತ್ತಿದ್ದಾರೆ. ಇಳಿಸಬಹುದೇ? ಇಲ್ಲವೇ ಮೇನ್ ಸ್ವಿಚ್ ಆಫ್ ಮಾಡಿ ನಾನೇ ಕನೆಕ್ಟರ್‌ಗಳನ್ನು ಬಿಚ್ಚಿ ಒಣಗಿಸಲೇ?

ಉತ್ತರ (ಹಾಸನ):
ದಯವಿಟ್ಟು ಎರಡನ್ನೂ ಮಾಡಬೇಡಿ.

ಪ್ಯಾನೆಲ್‌ಗಳಿಂದ ಬರುವ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್) ತಂತಿಗೂ ಭೂಮಿಗೂ ನಡುವಿನ ನಿರೋಧ, ಅಂದರೆ ಕರೆಂಟ್ ಸೋರದಂತೆ ತಡೆಯುವ ಶಕ್ತಿ, ಸಾಕಷ್ಟಿದೆಯೇ ಎಂದು ಇನ್ವರ್ಟರ್ ಪ್ರತಿದಿನ ಚಾಲೂ ಆಗುವ ಮೊದಲು ಪರೀಕ್ಷಿಸುತ್ತದೆ. ಮಳೆಯಲ್ಲಿ ಮಾತ್ರ ಅದು ಕುಸಿಯುತ್ತಿದೆ ಎಂದರೆ, ತಾರಸಿಗೆ ತಾಗಿ ಬಿದ್ದಿರುವ ಕನೆಕ್ಟರ್‌ನಲ್ಲೋ, ಕಬ್ಬಿಣದ ಅಂಚಿಗೆ ಉಜ್ಜಿ ಸಿಪ್ಪೆ ಹೋದ ಕೇಬಲ್‌ನಲ್ಲೋ ನೀರು ದಾರಿ ಮಾಡಿಕೊಂಡಿದೆ. ಮಿತಿ ಇಳಿಸಿದರೆ ಎಚ್ಚರಿಕೆ ನಿಲ್ಲುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ. ಮುಂದೆ ಇನ್ನೊಂದು ಕಡೆಯೂ ಸಿಪ್ಪೆ ಹೋದರೆ ಕರೆಂಟ್ ಪ್ಯಾನೆಲ್‌ನ ಚೌಕಟ್ಟಿನ ಮೂಲಕವೇ ಹರಿದು ಕಿಡಿ ಏಳಬಹುದು. ಎಸಿ ಕರೆಂಟ್ ಸೆಕೆಂಡಿಗೆ 100 ಬಾರಿ ಸೊನ್ನೆ ಮುಟ್ಟುವುದರಿಂದ ಅದರ ಕಿಡಿ ನಂದಲು ಅವಕಾಶವಿರುತ್ತದೆ. ಡಿಸಿಗೆ ಆ ಸೊನ್ನೆಯೇ ಇಲ್ಲವಾದ್ದರಿಂದ ಕಿಡಿ ಉರಿಯುತ್ತಲೇ ಇರುತ್ತದೆ.

ಮೇನ್ ಸ್ವಿಚ್ ಆಫ್ ಮಾಡಿದರೂ, ಮೆಸ್ಕಾಂ ಕರೆಂಟ್ ಹೋದರೂ ನಿಲ್ಲುವುದು ಇನ್ವರ್ಟರ್ ಮಾತ್ರ. ಬೆಳಕಿರುವವರೆಗೆ ನಿಮ್ಮ ಆರು ಪ್ಯಾನೆಲ್‌ಗಳ ಸಾಲಿನಲ್ಲಿ ಸುಮಾರು 300 ವೋಲ್ಟ್ ಇದ್ದೇ ಇರುತ್ತದೆ. ಕರೆಂಟ್ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಕೈಯಲ್ಲೇ ಕಿಡಿ ಹೊತ್ತಿಕೊಳ್ಳುತ್ತದೆ.

ಸೋಲಾರ್ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ರನ್ನು ಮಳೆ ನಿಂತ ಬೆಳಿಗ್ಗೆಯೇ, ಎಲ್ಲವೂ ಇನ್ನೂ ತೇವವಾಗಿರುವಾಗಲೇ ಕರೆಸಿ. ಮಧ್ಯಾಹ್ನ ಬಂದವರಿಗೆ ಮೆಗ್ಗರ್ (ಈ ನಿರೋಧವನ್ನು ಅಳೆಯುವ ಉಪಕರಣ) ಎಲ್ಲವೂ ಸರಿಯಿದೆ ಎಂದೇ ತೋರಿಸುತ್ತದೆ. ಮೊದಲು ಎಸಿ ಬ್ರೇಕರ್, ಆಮೇಲೆ ಡಿಸಿ ಐಸೋಲೇಟರ್ (ಪ್ಯಾನೆಲ್ ಸಾಲನ್ನು ಇನ್ವರ್ಟರ್‌ನಿಂದ ಬೇರ್ಪಡಿಸುವ ಸ್ವಿಚ್) ಆಫ್ ಆಗಬೇಕು. ಇನ್ವರ್ಟರನ್ನೂ ಸರ್ಜ್ ಪ್ರೊಟೆಕ್ಟರನ್ನೂ (ಸಿಡಿಲಿನಂಥ ವೋಲ್ಟೇಜ್ ಏರಿಕೆಯಿಂದ ಕಾಯುವ ಸಾಧನ) ಬೇರ್ಪಡಿಸಿ, 500 ವೋಲ್ಟ್‌ನಲ್ಲಿ ಪಾಸಿಟಿವ್, ನೆಗೆಟಿವ್ ಎರಡನ್ನೂ ಭೂಮಿಗೆ ಅಳೆಯಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಪ್ಪಬೇಡಿ. ಬೇರೆ ಬೇರೆ ಕಂಪನಿಯ ಎಂಸಿ4 ಕನೆಕ್ಟರ್‌ಗಳನ್ನು (ಪ್ಯಾನೆಲ್ ಕೇಬಲ್‌ಗಳನ್ನು ಕೂಡಿಸುವ ಪ್ಲಗ್‌ಗಳು) ಜೋಡಿಸಿದ್ದಾರೆಯೇ ಎಂದೂ ನೋಡಿಸಿ. ಸಕಲೇಶಪುರದ ಒಂದು ಮನೆಯಲ್ಲಿ ಅಂಥ ಜೋಡಣೆ ಬಿಸಿಯೇರಿ ಪ್ಲಾಸ್ಟಿಕ್ ಕರಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಳಗೆ ಮರದ ಅಟ್ಟವಿತ್ತು.

ಇನ್ನೊಬ್ಬರು (ಚಿಕ್ಕಮಗಳೂರು):
ಡಿಸಿ ಪೆಟ್ಟಿಗೆಯಲ್ಲಿರುವ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್) ಡಿಸಿಗೆಂದೇ ತಯಾರಾದದ್ದೇ ಎಂಬುದನ್ನೂ ಅದೇ ದಿನ ನೋಡಿಸಿ. ಎಸಿ ಎಂಸಿಬಿ ಈ ಕಿಡಿಯನ್ನು ಕತ್ತರಿಸಲಾರದು. ಅಮೆರಿಕದ ವಿದ್ಯುತ್ ಸಂಹಿತೆಯ 2017ರ ಆವೃತ್ತಿ, ಸ್ವಿಚ್ ಒತ್ತಿದ 30 ಸೆಕೆಂಡಿನೊಳಗೆ ಪ್ಯಾನೆಲ್‌ಗಳ ಸಾಲಿನೊಳಗಿನ ವೋಲ್ಟೇಜನ್ನು 80ಕ್ಕೆ ಇಳಿಸುವುದನ್ನೂ ಒಂದು ಮಾರ್ಗವಾಗಿ ಹೇಳಿದ್ದು ಬೆಂಕಿ ಆರಿಸಲು ಮಾಡು ಹತ್ತುವವರ ಜೀವದ ದೃಷ್ಟಿಯಿಂದ. ನಿಮ್ಮಲ್ಲಿ ಆ ಸಾಧನವಿಲ್ಲದಿದ್ದರೆ, ಮೀಟರ್ ಪಕ್ಕದಲ್ಲಿ ‘ಮೇಲೆ ಸೋಲಾರ್ ಇದೆ, ಹಗಲಿನಲ್ಲಿ ಡಿಸಿ ತಂತಿಯಲ್ಲಿ ಕರೆಂಟ್ ಇರುತ್ತದೆ’ ಎಂಬ ಫಲಕವನ್ನಾದರೂ ಹಾಕಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಏಳೂವರೆಗೆ, ತೇವವಿರುವಾಗಲೇ ಅಳೆಸಿದೆ. ನೆಗೆಟಿವ್ ತಂತಿಯಲ್ಲಿ ಬಂದದ್ದು 0.2 ಮೆಗಾಓಮ್. ಮೂರನೆಯ ಪ್ಯಾನೆಲ್‌ನ ಚೌಕಟ್ಟಿಗೂ ಕೆಳಗಿನ ಪಟ್ಟಿಗೂ ನಡುವೆ ಕೇಬಲ್ ಸಿಕ್ಕಿ ಸಿಪ್ಪೆ ಸೀಳಿತ್ತು. ಆ ತುಂಡನ್ನು ಬದಲಿಸಿ, ಉಳಿದ ಕೇಬಲ್‌ಗಳನ್ನೂ ತಾರಸಿಯಿಂದ ಎತ್ತಿ ಕಟ್ಟಿಸಿದ್ದೇನೆ. ಎಂಸಿಬಿ ಎಸಿಯದೇ ಆಗಿತ್ತು. ಡಿಸಿಯದು ಬಂದು ಕೂರುವವರೆಗೆ ಐಸೋಲೇಟರ್ ಆಫ್ ಆಗಿಯೇ ಇರುತ್ತದೆ.